ಬೆಳ್ಳಗಿರೋದೆಲ್ಲ ಹಲ್ಲಲ್ಲ

"ಇದು ನನ್ನ ಹಲ್ಲಲ್ಲ, ಡಾಕ್ಟರೇ. ಪಕ್ಕದ ಮನೆಯವರದ್ದು," ಅಂದಳು ಕಂಡಕ್ಟರಮ್ಮ, ಕೈಗನ್ನಡಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು. "ಬಾಯೇನೋ ನನ್ನದೇ. ಇದು ಮಾತ್ರ ಹೇಳದೆ ಕೇಳದೆ ಬಂದ ನೆಂಟರ ಥರ ನಡುಮನೆಯಲ್ಲಿ ಕೂತುಬಿಟ್ಟಿದೆ."

ಬಾಗಿಲ ಪಕ್ಕ ಬ್ಯಾಗನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ ಹಲ್ಲಕ್ಕನಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಇವತ್ತು ಬರಲಿಲ್ಲ. ಆ ಹಲ್ಲು ಮಾಡಿದವಳು ಅವಳೇ. ಇದೇ ಬಾಯಿಗೆ, ಇದೇ ಜಾಗಕ್ಕೆ ಮಾಡಿದ ಮೂರನೇ ಹಲ್ಲು ಅದು.

ಹಲ್ಲಕ್ಕ ಅನ್ನುವುದು ಅವಳ ಹೆಸರೇನಲ್ಲ. ಆದರೆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಮನೆ ಮಹಡಿ ಮೇಲಿನ ಕೋಣೆಯಲ್ಲಿ ಕೂತು, ಈ ಕ್ಲಿನಿಕ್ಕಿನಿಂದ ಸಣ್ಣ ಸಣ್ಣ ಡಬ್ಬಿಗಳಲ್ಲಿ ಬರುವ ಬಾಯಿಯ ಅಚ್ಚುಗಳಿಗೆ ಪಿಂಗಾಣಿಯ ಹಲ್ಲು ಮಾಡಿಕೊಡುವುದು ಹದಿನಾಲ್ಕು ವರ್ಷದಿಂದ ಅವಳ ಕಸುಬು. ಬಾಯಿ ಅಲ್ಲಿ, ಹಲ್ಲು ಇಲ್ಲಿ. ನಡುವೆ ಇರುವುದು ಒಂದು ಫೋಟೋ. ಆ ಫೋಟೋವನ್ನು ಎದುರಿಗಿಟ್ಟುಕೊಂಡು, ಪಿಂಗಾಣಿ ಪುಡಿಯನ್ನು ಪದರ ಪದರವಾಗಿ ಹಚ್ಚಿ, ಬೇಯಿಸಿ, ಮತ್ತೆ ಹಚ್ಚಿ, ಮತ್ತೆ ಬೇಯಿಸಿ, ಒಂದು ಹಲ್ಲಿಗೆ ಒಂದು ಹಗಲು ಹಿಡಿಯುತ್ತದೆ. ಕಣ್ಣಲ್ಲೇ ನೋಡಿಕೊಂಡು ಹೋಗಿ ಮಾಡಬಾರದೇ ಅಂತ ಕೇಳುವವರಿಗೆ ಅವಳದು ಒಂದೇ ಉತ್ತರ: "ಬಣ್ಣ ಕಣ್ಣಲ್ಲಿ ನಿಲ್ಲಲ್ಲ ಕಣ್ರೀ. ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ಸೋರಿಹೋಗಿರುತ್ತೆ."

ಕಂಡಕ್ಟರಮ್ಮನ ಮುಂದಿನ ಹಲ್ಲು ಬಸ್ಸಿನ ಬಾಗಿಲು ಬಡಿದು ಅರ್ಧ ಮುರಿದಿತ್ತು. ಉಳಿದರ್ಧದ ಮೇಲೆ ಕ್ಯಾಪ್ ಕೂರಿಸಬೇಕು. ಅಷ್ಟೇ ಕೆಲಸ. ಹಲ್ಲಕ್ಕ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅಕ್ಕಪಕ್ಕದವು ಚಹಾ ಕುಡಿದು ಕುಡಿದು ಹದವಾಗಿ ಕೆಂಚಗಾದ, ದುಡಿದ ಹಲ್ಲುಗಳು. ನಡುವೆ ತನ್ನದು ಮಾತ್ರ ಬಾತ್‌ರೂಮಿನ ಗೋಡೆಗೆ ಹಚ್ಚುವ ಟೈಲ್ಸಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಫೋಟೋದಲ್ಲಿ ಹೀಗಿರಲಿಲ್ಲ," ಅಂದಳು.

"ಮೂರು ಸಲ ಫೋಟೋ ಕಳಿಸಿದ್ದೀನಿ ಅಕ್ಕ," ಅಂದರು ಡಾಕ್ಟರಮ್ಮ. "ಮೂರು ಸಲಾನೂ ಶೇಡ್ ಪಟ್ಟಿ ಪಕ್ಕದಲ್ಲಿಟ್ಟೇ ತೆಗೆದಿದ್ದೀನಿ."

ಅದೂ ನಿಜವೇ. ಶೇಡ್ ಪಟ್ಟಿ ಅಂದರೆ ಬೇರೆ ಬೇರೆ ಬಣ್ಣದ ಹದಿನಾರು ಮಾದರಿ ಹಲ್ಲುಗಳನ್ನು ಸಾಲಾಗಿ ಸಿಕ್ಕಿಸಿದ ಪಟ್ಟಿ. ರೋಗಿಯ ಹಲ್ಲಿನ ಪಕ್ಕ ಹೊಂದುವ ಮಾದರಿಯೊಂದನ್ನು ಹಿಡಿದು ಫೋಟೋ ತೆಗೆದರೆ, ಅದಕ್ಕಿಂತ ಬಿಳಿಯೋ ಕಪ್ಪೋ ಅಂತ ಅವಳಿಗೆ ಗೊತ್ತಾಗುತ್ತದೆ. ಮೂರೂ ಫೋಟೋದಲ್ಲಿ ಕಂಡಕ್ಟರಮ್ಮನ ಹಲ್ಲು ಮಾದರಿಗಿಂತ ಎರಡು ಮೆಟ್ಟಿಲು ಬಿಳಿ ಇತ್ತು. ಫೋಟೋ ನಂಬಿ ಬಿಳಿ ಮಾಡಿದ್ದಳು. ಈಗ ಬಾಯಿ ನೋಡಿದರೆ ಬೇರೆಯೇ ಕಥೆ.

"ನಂಗೆ ಎಂಟಕ್ಕೆ ಡ್ಯೂಟಿ," ಅಂತ ಕಂಡಕ್ಟರಮ್ಮ ಎದ್ದಳು. "ಮೊದಲಿದ್ದ ತಾತ್ಕಾಲಿಕ ಕ್ಯಾಪನ್ನೇ ವಾಪಸ್ ಅಂಟಿಸಿ. ಅದಾದರೂ ನಮ್ಮ ಪೈಕಿಯವರ ಥರ ಕಾಣುತ್ತೆ. ಟಿಕೆಟ್ ಟಿಕೆಟ್ ಅಂತ ಬಾಯಿ ತೆಗೆದ್ರೆ ಜನ ಚಿಲ್ಲರೆ ಕೊಡೋದು ಬಿಟ್ಟು ಹಲ್ಲು ನೋಡ್ತಾರೆ. ಬಾಯಿಗೆ ಕೈ ಅಡ್ಡ ಇಟ್ಕೊಂಡು ಎಷ್ಟು ದಿನ ಅಂತ ಟಿಕೆಟ್ ಹರೀಲಿ? ನಂಗಿರೋದೇ ಎರಡು ಕೈ."

ಅವಳು ಹೋದ ಮೇಲೆ ಡಾಕ್ಟರಮ್ಮ ಕೈಗವಸು ಕಿತ್ತು ಬುಟ್ಟಿಗೆ ಹಾಕಿದರು. ಎರಡು ಜಡೆ ಹಾಕಿಕೊಂಡು ಅಪ್ಪನ ಜೊತೆ ಕ್ಲಿನಿಕ್ಕಿಗೆ ಬರುತ್ತಿದ್ದ ಹುಡುಗಿ ಇದು. ಅಪ್ಪ, ಅಂದರೆ ದೊಡ್ಡ ಡಾಕ್ಟರು, ಕಣ್ಣು ಮಂಜಾದ ಮೇಲೆ ಎಲ್ಲವನ್ನೂ ಮಗಳಿಗೆ ಬಿಟ್ಟು ಮನೆಯಲ್ಲಿದ್ದಾರೆ.

"ಬೇಜಾರು ಮಾಡ್ಕೋಬೇಡಿ ಅಕ್ಕ. ನಾಲ್ಕನೇದೂ ಹೀಗೇ ಆದ್ರೆ, ಮುಂದಿನ ಹಲ್ಲುಗಳ ಕೆಲಸವನ್ನೆಲ್ಲ ಕಂಪನಿ ಲ್ಯಾಬಿಗೆ ಕಳಿಸ್ತೀನಿ. ಅಲ್ಲಿ ಮಷೀನಿದೆ. ನಿಮಗೆ ದವಡೆ ಹಲ್ಲು ಇದ್ದೇ ಇರುತ್ತಲ್ಲ."

ದವಡೆ ಹಲ್ಲು. ದವಡೆ ಹಲ್ಲನ್ನು ಯಾರು ನೋಡುತ್ತಾರೆ? ಆಕಳಿಸುವಾಗ ಎದುರಿಗೆ ಕೂತವರು, ಅಷ್ಟೇ. ಹಾಡುವವಳಿಗೆ ಇನ್ನು ಮೇಲೆ ನೀನು ತಾಳ ಹಾಕಿದರೆ ಸಾಕು ಅಂದ ಹಾಗಾಯಿತು. ಹಲ್ಲಕ್ಕನ ಕಿವಿ ಬಿಸಿಯಾಯಿತು.

"ತಪ್ಪು ನನ್ನ ಕೈಯದಲ್ಲ ಡಾಕ್ಟರೇ. ನಿಮ್ಮ ಆ ಸಣ್ಣ ಕ್ಯಾಮೆರಾದ್ದು. ಅಪ್ಪನ ದೊಡ್ಡ ಕ್ಯಾಮೆರಾದಲ್ಲಿ ಯಾವತ್ತೂ ಹೀಗಾಗಿರಲಿಲ್ಲ."

"ಕುಣಿಯೋಕೆ ಬರದವಳಿಗೆ ನೆಲ ಡೊಂಕಂತೆ," ಅಂದುಬಿಟ್ಟರು ಡಾಕ್ಟರಮ್ಮ. ಅಂದ ಮೇಲೆ ತಾವೇ ಸ್ವಲ್ಪ ಪೆಚ್ಚಾದರು. "ಅಲ್ಲ, ತಮಾಷೆಗಂದೆ. ಆದ್ರೆ ವಕೀಲರ ಹಲ್ಲು ಮರೆತುಬಿಟ್ರಾ?"

ಹೇಗೆ ಮರೆಯುತ್ತಾಳೆ. ಕಳೆದ ತಿಂಗಳ ಮಾತು. ದೊಡ್ಡ ಡಾಕ್ಟರ ಹಳೇ ಡಿಎಸ್‌ಎಲ್‌ಆರ್‌ ಕ್ಯಾಮೆರಾದಲ್ಲೇ ಆಗ ಫೋಟೋ ಬರುತ್ತಿತ್ತು. ವಕೀಲರೊಬ್ಬರ ಮುಂದಿನ ಹಲ್ಲಿನ ಮೇಲೆ ಒಂದು ಸಣ್ಣ ಕಂದು ಚುಕ್ಕೆ ಕಂಡಿತು. ಹಲ್ಲಕ್ಕ ಒಂದೇ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಆ ಚುಕ್ಕೆಯನ್ನು ಕ್ಯಾಪಿನ ಮೇಲೂ ಇಟ್ಟಳು. ಅಷ್ಟು ಚೆನ್ನಾಗಿ ಇಟ್ಟಿದ್ದಳೆಂದರೆ, ವಕೀಲರು ಸಾಸಿವೆ ಕಾಳು ಸಿಕ್ಕಿಕೊಂಡಿದೆ ಅಂದುಕೊಂಡು ಮೂರು ದಿನ ಬ್ರಷ್ಷಿನಲ್ಲಿ ಉಜ್ಜಿ, ವಸಡಿನಿಂದ ರಕ್ತ ಬರಿಸಿಕೊಂಡು ಬಂದರು. ಅವರ ಹಲ್ಲಿನಲ್ಲಿ ಚುಕ್ಕೆಯೇ ಇರಲಿಲ್ಲ. ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಕೂತ ಧೂಳು ಅದು. ದೊಡ್ಡ ಡಾಕ್ಟರಿದ್ದಾಗ ಅವರೇ ಒರೆಸುತ್ತಿದ್ದರು, ಆಮೇಲೆ ಒರೆಸುವವರಿರಲಿಲ್ಲ. ಮರುದಿನವೇ ಡಾಕ್ಟರಮ್ಮ ಆ ಕ್ಯಾಮೆರಾವನ್ನು ಬೀರುವಿಗೆ ಹಾಕಿ, ಅಂಗೈಯಲ್ಲಿ ಹಿಡಿಯುವಂಥ ಕಾಂಪ್ಯಾಕ್ಟ್ ಒಂದನ್ನು ತಂದರು. ಅದರಲ್ಲಿ ತೆಗೆದ ಮೊದಲ ಮುಂದಿನ ಹಲ್ಲು ಕಂಡಕ್ಟರಮ್ಮನದೇ.

"ಹಗುರ, ಜೇಬಲ್ಲಿ ಇರುತ್ತೆ, ಪೇಷೆಂಟ್ ಹೆದರಲ್ಲ," ಅಂತ ಈಗಲೂ ಅದನ್ನೇ ಹೇಳಿದರು. "ನಿಮ್ಮ ಅನುಮಾನ ತೀರಲಿ, ಬನ್ನಿ."

ಶೇಡ್ ಪಟ್ಟಿಯನ್ನು ಟ್ರೇಯಲ್ಲಿಟ್ಟು ಕಾಂಪ್ಯಾಕ್ಟಿನಲ್ಲಿ ಫೋಟೋ ತೆಗೆದರು. ಹದಿನಾರಕ್ಕೆ ಹದಿನಾರು ಬಣ್ಣವೂ ಸರಿಯಾಗಿತ್ತು. ಹಲ್ಲಕ್ಕ ಮೂರು ಸಲ ತೆಗೆಸಿದಳು. ಮೂರು ಸಲವೂ ಸರಿ. ಕಳ್ಳ ಕಣ್ಣೆದುರಿಗೇ ಇದ್ದಾನೆ, ಜೇಬು ತಡಕಿದರೆ ಏನೂ ಸಿಗುತ್ತಿಲ್ಲ.

"ಎರಡು ಕ್ಯಾಮೆರಾನೂ ನಾನು ಇವತ್ತು ಮನೆಗೆ ತಗೊಂಡು ಹೋಗ್ತೀನಿ," ಅಂದಳು.

"ತಗೊಂಡು ಹೋಗಿ. ಆದ್ರೆ ನಾಳೆ ಬರುವಾಗ ಒಂದನ್ನ ಆರಿಸ್ಕೊಂಡು ಬನ್ನಿ. ಎರಡೆರಡು ಕ್ಯಾಮೆರಾ ಇಟ್ಕೊಂಡು ನಂಗೆ ಏಗೋಕಾಗಲ್ಲ. ಯಾವುದು ಅಂತೀರೋ ಅದರಲ್ಲೇ ತೆಗೆಯೋಣ. ಆಮೇಲೆ ಕ್ಯಾಮೆರಾ ಮೇಲೆ ಹಾಕೋ ಹಾಗಿಲ್ಲ."

ಮನೆಗೆ ಬಂದು, ಕಿಟಕಿ ಬಳಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಹಲ್ಲಕ್ಕ ಊಟವನ್ನೂ ಬಿಟ್ಟು ಕೂತಳು. ಡಿಎಸ್‌ಎಲ್‌ಆರ್ ಒಂದು ಇಟ್ಟಿಗೆಯಷ್ಟು ಭಾರ. ಹಿಡಿಯುವ ಕಡೆಯ ರಬ್ಬರು ಎದ್ದುಬಂದಿದೆ. ಬ್ಯಾಟರಿ ತುಂಬಿದೆ ಅಂತ ತೋರಿಸಿ ಎರಡು ಮೂರು ಫೋಟೋಕ್ಕೆ ಪ್ರಾಣ ಬಿಡುತ್ತದೆ. ಧೂಳನ್ನು ಊದಿ ನೋಡಿದಳು, ಚುಕ್ಕೆ ಕದಲಲಿಲ್ಲ. ಬಟ್ಟೆ ಹಾಕಿ ಒರೆಸಲು ಧೈರ್ಯವಾಗಲಿಲ್ಲ. ಕಾಂಪ್ಯಾಕ್ಟೋ, ಹೊಸ ಸೊಸೆಯ ಹಾಗೆ ಒಪ್ಪವಾಗಿ ಹೇಳಿದ್ದೆಲ್ಲ ಮಾಡುತ್ತಿದೆ. ಅಚ್ಚಿನ ಫೋಟೋ ತೆಗೆದಳು, ಸರಿ. ಹಳೇ ಕ್ಯಾಪುಗಳ ಫೋಟೋ ತೆಗೆದಳು, ಸರಿ. ಎಲ್ಲಿಯೂ ಎರಡು ಮೆಟ್ಟಿಲ ಬಿಳಿ ಇಲ್ಲ. ತಲೆ ಚಿಟ್ಟು ಹಿಡಿಯಿತು. ಹಾಗಾದರೆ ತಪ್ಪು ನಿಜವಾಗಿಯೂ ತನ್ನ ಕೈಯದೇ ಏನೋ ಅನ್ನುವ ಮಾತು ಎದೆಯಲ್ಲಿ ಮುಳ್ಳಿನಂತೆ ಆಡತೊಡಗಿತು.

"ಏನೇ ಅದು, ಬೆಳಗಿಂದ ಟಿಕ್ ಟಿಕ್ ಅಂತ?" ಅಂದರು ಅತ್ತೆ, ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಬಂದು. "ಊರವರ ಹಲ್ಲೆಲ್ಲ ಫೋಟೋ ಆಯ್ತು. ಈ ಮನೆಗೆ ಬಂದು ಇಪ್ಪತ್ತು ವರ್ಷಕ್ಕೆ ನಂದೊಂದು ತೆಗೆದಿದ್ದೀಯಾ?"

"ನಿಮ್ಮದೂ ಊರವರ ಹಲ್ಲೇ ಅಲ್ವಾ ಅತ್ತೆ. ನಾನೇ ಮಾಡಿಕೊಟ್ಟಿದ್ದು."

"ಅದಕ್ಕೇ ತೆಗಿ ಅಂದಿದ್ದು. ನಿನ್ನ ಕೈಗುಣವೂ ಒಂದು ಕಡೆ ಇರಲಿ."

ಅತ್ತೆಯ ಬಾಯಿಗೆ ಬೀಗ ಹಾಕಲಾಗದೆ ಹಲ್ಲಕ್ಕ ಕಾಂಪ್ಯಾಕ್ಟ್ ಎತ್ತಿದಳು. ಅತ್ತೆ ಸೆರಗು ಸರಿ ಮಾಡಿಕೊಂಡು, ಸೆಟ್ಟಿನ ಒಂದು ಹಲ್ಲನ್ನೂ ಬಿಡದೆ ತೋರಿಸಿ ನಕ್ಕರು. ಟಿಕ್.

ಪರದೆ ನೋಡಿದ ಹಲ್ಲಕ್ಕ ಹಾಗೇ ನಿಂತಳು. ಅತ್ತೆಯ ಕಣ್ಣಿನ ಕೆಳಗಿನ ಚೀಲ ಇಲ್ಲ. ಹಣೆಯ ಗೆರೆ ಇಲ್ಲ. ಕೆನ್ನೆ ಮೇಲಿನ ನರುಳ್ಳೆಯೇ ಇಲ್ಲ. ಮತ್ತೆ ಹಲ್ಲು. ಆ ಸೆಟ್ಟಿಗೆ ಯಾವ ಬಣ್ಣ ಹಾಕಿದ್ದಾಳೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ. ಫೋಟೋದಲ್ಲಿ ಅದು ಎರಡು ಮೆಟ್ಟಿಲು ಬಿಳಿ.

"ತೋರಿಸು," ಅಂತ ಅತ್ತೆ ಕಿತ್ತುಕೊಂಡರು. ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು. "ನೋಡು, ಇದು ಕ್ಯಾಮೆರಾ ಅಂದ್ರೆ. ನಿಮ್ಮ ಮಾವ ಇದ್ದಿದ್ರೆ ನೋಡಿ ಖುಷಿಪಡೋರು. ಇದನ್ನೇ ಇಟ್ಕೋ. ಆ ಇಟ್ಟಿಗೆನ ವಾಪಸ್ ಕೊಡು."

ಪರದೆಯ ಮೂಲೆಯಲ್ಲಿ ನಗುವ ಮುಖ, ಅದರ ಪಕ್ಕ ಒಂದು ಸಣ್ಣ ನಕ್ಷತ್ರ. ಇಷ್ಟು ಹೊತ್ತೂ ಅದಿರಲಿಲ್ಲ. ಮುಖ ಕಂಡಾಗ ಮಾತ್ರ ಎದ್ದು ಬರುತ್ತದೆ. ಮುಖ ಕಂಡರೆ ಸಾಕು, ಚರ್ಮ ತೀಡಿ, ತುಟಿಯ ನಡುವಿನ ಹಲ್ಲನ್ನೆಲ್ಲ ತೊಳೆದು ಕೊಡುತ್ತದೆ. ಡಾಕ್ಟರಮ್ಮ ಮುಖವಿಡೀ ತೆಗೆದು, ಆಮೇಲೆ ಬಾಯಿಯನ್ನಷ್ಟೇ ಕತ್ತರಿಸಿ ಕಳಿಸುತ್ತಿದ್ದರು. ತುಟಿಯ ಹೊರಗೆ ಬೆರಳಲ್ಲಿ ಹಿಡಿದ ಮಾದರಿ ಹಲ್ಲಿಗೆ ಮಾತ್ರ ಆ ಸ್ನಾನವಿಲ್ಲ. ಅದಕ್ಕೇ ಅದು ಇದ್ದ ಹಾಗೇ ಇರುತ್ತಿತ್ತು.

ಮೂರು ಹಗಲು, ಮೂರು ಹಲ್ಲು. ಬಾಯಿ ಬಿಟ್ಟು ಹೇಳಲಾಗದ ಅವಮಾನ ಬೇರೆ. ಎಲ್ಲ ಒಂದು ನಗುವ ಮುಖದ ಚಿತ್ರಕ್ಕೆ.

ಸರಿ, ಆ ನಕ್ಷತ್ರವನ್ನು ದೀಪದ ಹಾಗೆ ಆರಿಸಿದರಾಯಿತಲ್ಲ. ಹುಡುಕಿ ಆರಿಸಿದಳು. ಅತ್ತೆಯ ಫೋಟೋ ತೆಗೆದಳು. ಹಲ್ಲಿನ ಬಣ್ಣ ಸರಿಬಂತು, ಗೆರೆಗಳೂ ವಾಪಸ್ ಬಂದವು, ಅತ್ತೆ ಮುಖ ಊದಿಸಿಕೊಂಡರು. ಕ್ಯಾಮೆರಾ ಮುಚ್ಚಿ ಮತ್ತೆ ತೆರೆದಳು. ನಕ್ಷತ್ರ ಅಲ್ಲೇ ಇತ್ತು. ಮತ್ತೆ ಆರಿಸಿ, ಮುಚ್ಚಿ, ತೆರೆದಳು. ಮತ್ತೆ ಇತ್ತು. ನಾಯಿ ಬಾಲಕ್ಕೆ ನಳಿಗೆ ಕಟ್ಟಿದ ಕೆಲಸ.

ಮರುದಿನ ಏಳೂವರೆಗೆ, ಕಂಡಕ್ಟರಮ್ಮ ಬರುವ ಮೊದಲೇ, ಅವಳು ಅತ್ತೆಯ ಎರಡೂ ಫೋಟೋಗಳನ್ನು ಡಾಕ್ಟರಮ್ಮನ ಮುಂದೆ ಹಿಡಿದು, ನಕ್ಷತ್ರದ ಕಥೆ ಹೇಳಿದಳು. ಅವರು ನೋಡಿದರು. ಮೊದಲು ನಕ್ಕರು, ಆಮೇಲೆ ಕಿವಿ ಕೆಂಪಾಯಿತು.

"ಅಷ್ಟೇ ತಾನೇ? ಪ್ರತಿ ಸಲ ಆ ನಕ್ಷತ್ರ ಆಫ್ ಮಾಡಿ ತೆಗೆದರಾಯ್ತು."

"ಹೊರಗೆ ಆರು ಜನ ಕಾಯ್ತಿರ್ತಾರೆ. ಕುರ್ಚಿ ಮೇಲಿರೋರ ಬಾಯಿ ತೆರೆದಿರುತ್ತೆ. ಆಗ ನಿಮಗೆ ನೆನಪಿರುತ್ತಾ?"

"ಯಾಕಿರಲ್ಲ?"

"ನಿನ್ನೆ ಸಂಜೆ ಫೋನ್ ಮಾಡಿ ಹೇಳಿದ್ದೆ, ದೊಡ್ಡ ಕ್ಯಾಮೆರಾಕ್ಕೆ ಅಂಗಡಿಯಿಂದ ಹೊಸ ಬ್ಯಾಟರಿ ತರಿಸಿಡಿ ಅಂತ. ತರಿಸಿದ್ರಾ?"

ತರಿಸಿರಲಿಲ್ಲ.

"ನಂಗೆ ದೊಡ್ಡದೇ ಇರಲಿ," ಅಂದಳು ಹಲ್ಲಕ್ಕ.

"ಅದರಲ್ಲಿ ಧೂಳಿದೆ ಅಕ್ಕ. ಇನ್ನೊಬ್ಬ ವಕೀಲರು ಬರ್ತಾರೆ."

"ಇರಲಿ. ಅದರ ಧೂಳು ಎಲ್ಲಿದೆ ಅಂತ ನಂಗೊತ್ತು. ಇದು ಯಾವತ್ತು ಯಾರ ಮುಖ ತೊಳೆಯುತ್ತೋ ಯಾರಿಗೆ ಗೊತ್ತು?"

ಅಷ್ಟರಲ್ಲಿ ಕಂಡಕ್ಟರಮ್ಮ ಟಿಕೆಟ್ ಚೀಲದ ಸಮೇತ ಒಳಗೆ ಬಂದು, ಕುರ್ಚಿಯಲ್ಲಿ ಒರಗಿ, ತನ್ನ ಮೇಲೆ ಬಗ್ಗಿದ ಡಿಎಸ್‌ಎಲ್‌ಆರ್ ನೋಡಿ ಕುತ್ತಿಗೆ ಹಿಂದಕ್ಕೆಳೆದುಕೊಂಡಳು. "ಇದೇನ್ರಿ, ಫಿರಂಗಿ? ಒಂದು ಹಲ್ಲು ತಾನೇ ಹೋಗಿರೋದು. ಮಿಕ್ಕಿದ್ದೂ ಬೇಡವಾ?"

"ನೋಡಿದ್ರಾ? ಹೆದರ್ತಾರೆ ಅಂತ ನಾನು ಹೇಳ್ಲಿಲ್ವಾ," ಅಂದರು ಡಾಕ್ಟರಮ್ಮ.

"ನಾನು ಹೆದರಿದೆ ಅಂತ ಯಾರಂದ್ರು? ಕುಡಿದು ಬಂದು ಬಾಗಿಲಲ್ಲಿ ನೇತಾಡೋರನ್ನ ಕೆಳಗಿಳಿಸಿದ್ದೀನಿ. ಬೇಗ ಹೊಡೀರಿ. ಹದಿನೈದು ನಿಮಿಷ ಇದೆ."

ಹಲ್ಲಕ್ಕ ತಾನೇ ಕ್ಯಾಮೆರಾ ಹಿಡಿದಳು. ಮುಂಗೈ ಭಾರಕ್ಕೆ ಬಾಗಿತು. ಡಾಕ್ಟರಮ್ಮ ಒಲ್ಲದ ಮನಸ್ಸಿನಿಂದ ಕಂಡಕ್ಟರಮ್ಮನ ತುಟಿ ಸರಿಸಿ, ಶೇಡ್ ಪಟ್ಟಿ ಹಿಡಿದರು. ಲೆನ್ಸಿನ ಸುತ್ತಲಿನ ಉಂಗುರದ ಫ್ಲ್ಯಾಶ್ ಬೆಳಗಿತು. ಒಂದು. ಪರದೆಯಲ್ಲಿ ನೋಡಿದರೆ ಧೂಳಿನ ಚುಕ್ಕೆ ಸರಿಯಾಗಿ ಪಕ್ಕದ ಹಲ್ಲಿನ ನೆತ್ತಿಯ ಮೇಲೆ ಕೂತಿದೆ. ಡಾಕ್ಟರಮ್ಮ ಗಂಟಲು ಸರಿ ಮಾಡಿಕೊಂಡರು. ಅದಕ್ಕೇ ಹಲ್ಲಕ್ಕನಿಗೆ ಮೈ ಉರಿಯಿತು.

"ಇನ್ನೊಂದು," ಅಂದಳು ಹಲ್ಲಕ್ಕ. ಈ ಸಲ ಕ್ಯಾಮೆರಾವನ್ನು ಬೆರಳಗಲ ಬಲಕ್ಕೆ ಸರಿಸಿ ಒತ್ತಿದಳು. ಫ್ಲ್ಯಾಶ್ ಬೆಳಗಿತು. ಪರದೆ ಕಪ್ಪಾಯಿತು. ಬ್ಯಾಟರಿ ಮುಗಿದಿತ್ತು.

"ಹೋಯ್ತಾ?" ಅಂದರು ಡಾಕ್ಟರಮ್ಮ.

"ಹೋಯ್ತು."

"ಎರಡನೇದು ಬಂದಿದೆಯೋ ಇಲ್ವೋ?"

"ಮನೆಗೆ ಹೋಗಿ ಚಾರ್ಜ್ ಹಾಕಿದ ಮೇಲೇ ಗೊತ್ತಾಗೋದು."

"ಕಾಂಪ್ಯಾಕ್ಟಲ್ಲಿ ಒಂದು ತೆಗೆದಿಡ್ಲಾ, ಇರಲಿ ಅಂತ?"

ಹಲ್ಲಕ್ಕನ ನಾಲಿಗೆ ತುದಿಯವರೆಗೆ 'ಹೂಂ' ಬಂದಿತ್ತು. ಎರಡನೆಯದು ಬಂದಿಲ್ಲದಿದ್ದರೆ ಕೈಯಲ್ಲಿರುವುದು ಚುಕ್ಕೆ ಬಿದ್ದ ಒಂದೇ ಫೋಟೋ. ಚುಕ್ಕೆ ಹಲ್ಲಿನದೋ ಧೂಳಿನದೋ ತಿಳಿಯುವುದು ಎರಡಿದ್ದಾಗ ಮಾತ್ರ: ಹಲ್ಲಿನ ಕಲೆ ಹಲ್ಲಿನ ಜೊತೆ ಸರಿಯುತ್ತದೆ, ಧೂಳು ಫೋಟೋದಲ್ಲಿ ಇದ್ದ ಜಾಗದಲ್ಲೇ ಇರುತ್ತದೆ. ವಕೀಲರ ಅವಮಾನ ಕಲಿಸಿದ ಪಾಠ ಅದು. ಆದರೆ ಈಗ ಆ ಸಣ್ಣದು ಹೊರಗೆ ಬಂದರೆ, ನಾಳೆ ಹಲ್ಲು ಹೊಂದಿದ್ದು ಯಾವುದರಿಂದ ಅಂತ ಇನ್ನೊಂದು ತಕರಾರು. ಡಾಕ್ಟರಮ್ಮ ಅದನ್ನೇ ಎತ್ತಿ ಆಡುತ್ತಾರೆ.

"ಬೇಡ," ಅಂದಳು.

ಮನೆಯಲ್ಲಿ ಬ್ಯಾಟರಿ ಚಾರ್ಜ್ ಆಗುವವರೆಗೆ ಕೂರಲಾರದೆ ಪಾತ್ರೆ ತೊಳೆದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅತ್ತೆ ಎರಡು ಸಲ ಏನೋ ಕೇಳಿ, ಎರಡು ಸಲವೂ ಬೈಸಿಕೊಂಡು, ಟಿವಿಯ ಸದ್ದು ಜಾಸ್ತಿ ಮಾಡಿಕೊಂಡರು. ಕೊನೆಗೆ ಕ್ಯಾಮೆರಾ ಎದ್ದಿತು. ಎರಡನೆಯದು ಬಂದಿತ್ತು. ಸ್ವಲ್ಪ ಓರೆ, ಆದರೆ ಬಂದಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಕಂದು ಚುಕ್ಕೆ ಹಲ್ಲು ಬಿಟ್ಟು ತುಟಿಗೆ ಹಾರಿತ್ತು, ಅದು ಧೂಳು. ಪಕ್ಕದ ಹಲ್ಲಿನ ಅಂಚಿನಲ್ಲಿ ಕೂದಲೆಳೆಯಂಥ ಒಂದು ಬಿರುಕು, ಚಹಾ ಇಳಿದು ಕೇಸರಿಯಾಗಿದ್ದು, ಎರಡರಲ್ಲೂ ಹಲ್ಲಿನ ಜೊತೆಯೇ ಇತ್ತು. ಅದು ಕಂಡಕ್ಟರಮ್ಮನದು.

ಆ ದಿನ ಉಳಿದ ಹೊತ್ತು, ಮರುದಿನ ಪೂರ್ತಿ, ಕೂತಳು. ಹಚ್ಚಿದಳು, ಬೇಯಿಸಿದಳು, ಉಜ್ಜಿದಳು. ಒಮ್ಮೆ ಬುಡದಲ್ಲಿ ಹಳದಿ ಹೆಚ್ಚಾಯಿತು ಅಂತ ಕೆರೆದು ಮೊದಲಿಂದ ಹಚ್ಚಿದಳು. ಕೊನೆಗೆ ಒಂದೇ ಕೂದಲಿನ ಕುಂಚ ತೆಗೆದು ಆ ಬಿರುಕಿಗೆ ಜೊತೆಯಾಗಿ ಇನ್ನೊಂದು ಬಿರುಕನ್ನು ಬರೆಯುವಾಗ, ಸಿಟ್ಟೆಲ್ಲ ಬೆರಳ ತುದಿಗೆ ಬಂದು ನಿಂತ ಹಾಗಿತ್ತು.

ಅದರ ಮಾರನೇ ಬೆಳಿಗ್ಗೆ ಡಾಕ್ಟರಮ್ಮ ಹೊಸ ಕ್ಯಾಪನ್ನು ನೀರಿನಂಥ ಪರೀಕ್ಷೆಯ ಪೇಸ್ಟ್ ಹಚ್ಚಿ ಸುಮ್ಮನೆ ಕೂರಿಸಿದರು. ಬಣ್ಣ ಒಪ್ಪಿಗೆಯಾದರೆ ತೆಗೆದು, ತೊಳೆದು, ಆಮೇಲೆ ಗಟ್ಟಿ ಅಂಟು ಹಾಕುವುದು ಕ್ರಮ. ಕೂರಿಸಿ ಹಿಂದೆ ಸರಿದು ನೋಡಿದರು. ದೀಪ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕೊನೆಗೆ ದೀಪವನ್ನೇ ಆರಿಸಿ, ಕಿಟಕಿಯ ಪರದೆ ಸರಿಸಿದರು. ಕಂಡಕ್ಟರಮ್ಮ ಕೈಗನ್ನಡಿಯಲ್ಲಿ ಬಾಯಿ ತೆರೆದಳು, ಮುಚ್ಚಿದಳು, 'ಟಿಕೆಟ್ ಟಿಕೆಟ್' ಅಂದು ನೋಡಿದಳು. ಮಾತಿನ ಮಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕನ್ನಡಿಯೊಳಗೇ ಉಳಿದುಬಿಟ್ಟಳು.

"ಬಿರುಕು ಬೇರೆ ಹಾಕಿದ್ದೀರಾ," ಅಂದರು ಡಾಕ್ಟರಮ್ಮ, ಹಲ್ಲಕ್ಕನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ.

"ಅವರ ಹಲ್ಲಲ್ಲಿದೆ. ಅದಕ್ಕೇ ಹಾಕಿದೆ."

"ಚೆನ್ನಾಗಿದೆ." ಆ ಮಾತು ಅವರ ಗಂಟಲಿನಿಂದ ಸುಲಭಕ್ಕೆ ಬರಲಿಲ್ಲ. "ಮುಂದಿನ ಹಲ್ಲು ನಿಮ್ಮ ಹತ್ರಾನೇ ಇರಲಿ ಅಕ್ಕ. ಲ್ಯಾಬಿನವರಿಗೆ ಬೇಡ ಅಂತ ಹೇಳ್ತೀನಿ."

"ಮತ್ತೆ ದೊಡ್ಡ ಕ್ಯಾಮೆರಾ?"

"ಅದನ್ನ ಒರೆಸೋರು ಯಾರು, ಹೊಸ ಬ್ಯಾಟರಿ ಸಿಗುತ್ತೋ ಇಲ್ವೋ, ಅಷ್ಟು ಭಾರ ನನ್ನ ಕೈಗೆ..."

"ಒಂದನ್ನ ಆರಿಸ್ಕೊಂಡು ಬನ್ನಿ ಅಂದಿದ್ದು ನೀವು. ಆರಿಸಿದ್ದೀನಿ."

"ಅಂದೆ. ಇಲ್ಲ ಅನ್ನಲ್ಲ. ಆದ್ರೆ ಸಣ್ಣದೂ ಇರಲಿ ಅಕ್ಕ, ದವಡೆ ಹಲ್ಲಿಗಾದರೂ."

"ದವಡೆ ಹಲ್ಲು ಬಿಳೀ ಬಂದ್ರೆ ಪರವಾಗಿಲ್ವಾ?"

"ಆಮೇಲೆ ನೋಡೋಣ ಬಿಡಿ," ಅಂದರು ಡಾಕ್ಟರಮ್ಮ. "ಮೊದಲು ಅವರಿಗೆ ಅಂಟು ಹಾಕ್ತೀನಿ. ಪೇಸ್ಟಿನ ಮೇಲೆ ಸುಮ್ಮನೆ ಕೂತಿದೆ, ಸೀನಿದ್ರೂ ಹಾರಿಹೋಗುತ್ತೆ."

ಬಾಗಿಲು ತೆರೆದರೆ ಕುರ್ಚಿ ಖಾಲಿ. ಕೈಗನ್ನಡಿ ಕುರ್ಚಿಯ ತೋಳಿನ ಮೇಲಿತ್ತು. ಟಿಕೆಟ್ ಚೀಲ ಇರಲಿಲ್ಲ. ಕಿಟಕಿಯಿಂದ ನೋಡಿದರೆ, ಕತ್ತಿಗೆ ಕಟ್ಟಿದ ಹಸಿರು ಕಾಗದದ ಬಿಬ್ಬಿನ ಸಮೇತ ಕಂಡಕ್ಟರಮ್ಮ ರಸ್ತೆ ದಾಟಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಬಾಯಿಗೆ ಅಡ್ಡ ಕೈಯಿಲ್ಲದೆ ಡ್ರೈವರನ ಜೊತೆ ಏನೋ ಹೇಳಿ ನಗುತ್ತಿದ್ದಳು. ಡಾಕ್ಟರಮ್ಮ ಕೈಗವಸಿನಲ್ಲೇ ಹೊರಗೋಡಿದರು. ಓಡಿಹೋಗಿ ಹಿಂದಿನ ಬಾಗಿಲಿಂದ ಹತ್ತಿದ್ದಷ್ಟೇ ಹಲ್ಲಕ್ಕನಿಗೆ ಕಂಡಿದ್ದು. ಕಂಡಕ್ಟರಮ್ಮ ಸೀಟಿ ಊದಿದಳು, ಬಸ್ಸು ಡಾಕ್ಟರಮ್ಮನನ್ನೂ ಸೇರಿಸಿಕೊಂಡು ಹೊರಟುಹೋಯಿತು.